ಯತ್ತಪ್ಪನ ಹೃದಯಕ್ಕೆ ಹದಿನೆಂಟು ಅಂಕ

ಶಾಲೆಯ ಮೆಟ್ಟಿಲನ್ನೇ ಹತ್ತದ ಆದಿವಾಲದ ಯತ್ತಪ್ಪ ಎಪ್ಪತ್ತನೆಯ ವಯಸ್ಸಿನಲ್ಲಿ, ಜೀವಮಾನದಲ್ಲೇ ಮೊದಲ ಸಲ ಫೇಲಾದ. ಅದೂ ಹೃದಯದಲ್ಲಿ. "ಹಾರ್ಟ್ ಫೇಲ್ಯೂರ್" ಎಂದು ಚಿತ್ರದುರ್ಗದ ಆಸ್ಪತ್ರೆಯ ಡಾಕ್ಟರ್ ರಘುನಾಥ್ ಹೇಳಿದಾಗ ಹೆಂಡತಿ ದೊಡ್ಡಕ್ಕ, "ಅಯ್ಯೋ, ನಿಂತೋಯ್ತಾ ಸಾರ್? ಮತ್ತೆ ಉಸ್ರಾಡ್ತಾ ಕುಂತವ್ನಲ್ಲ!" ಎಂದು ಗಂಡನನ್ನು ಚಿವುಟಿ ನೋಡಿದಳು. ನಿಂತಿಲ್ಲ, ಬಳಲಿದೆ ಅಷ್ಟೆ; ರಕ್ತ ಒತ್ತುವ ಕಸುವು ಕಡಿಮೆಯಾಗಿ ಮೈಯಲ್ಲಿ ನೀರು ನಿಲ್ಲುತ್ತಿದೆ, ಮಾತ್ರೆ ತಪ್ಪಿಸಬೇಡಿ, ಉಪ್ಪು ಮುಟ್ಟಬೇಡಿ ಎಂದು ಡಾಕ್ಟರು ವಿವರಿಸಿದರು.

ಯತ್ತಪ್ಪ ಹಿಡಿದದ್ದನ್ನು ಬಿಡುವ ಆಸಾಮಿಯಲ್ಲ. ತಪ್ಪಿಸಿಕೊಂಡ ಒಂದು ಟಗರಿನ ಹಿಂದೆ ಹಿರಿಯೂರಿನವರೆಗೂ ನಡೆದು, ಅದನ್ನು ಹಿಡಿದ ಮೇಲೆ ಅದು ತನ್ನದಲ್ಲವೆಂದು ಗೊತ್ತಾಗಿ, ಅಷ್ಟೇ ಹಠದಿಂದ ವಾಪಸು ಬಿಟ್ಟು ಬಂದವನು. ಆಸ್ಪತ್ರೆಯಿಂದ ಬಂದವನು ಮಾತ್ರೆಯನ್ನೂ ಅದೇ ಹಠದಿಂದ ನುಂಗಿದ. ಉಪ್ಪಿಲ್ಲದ ಸಾರನ್ನು ಯಾರಿಗೋ ಶಾಪ ಹಾಕುವವನ ಮುಖ ಮಾಡಿಕೊಂಡು ಉಂಡ. ಕಾಲಿನ ಊತ ಇಳಿಯಿತು, ಉಸಿರು ನೆಟ್ಟಗಾಯಿತು, ಕುರಿಯ ಹಿಂದೆ ಕೆರೆಯವರೆಗೆ ಹೋಗಿಬರುವಷ್ಟಾದ.

ಮೂರು ತಿಂಗಳಾದ ಮೇಲೆ ಆಸ್ಪತ್ರೆಯಿಂದ ಸುಷ್ಮಿತಾ ಎಂಬ ನರ್ಸಮ್ಮ ಬಂದಳು. ಚಿಕಿತ್ಸೆ ಪಡೆದ ಹಿರಿಯರ ಮನೆಗಳಿಗೆ ಹೋಗಿ ಅವರ ಜೀವನದ ಗುಣಮಟ್ಟ ಅಳೆಯುವುದು ಅವಳ ಕೆಲಸ.

"ಗುಣ ಆಗೈತಲ್ಲವ್ವ, ಇನ್ನೇನು?" ಅಂದ ಯತ್ತಪ್ಪ.

"ಗುಣ ಆಗಿದೆ ತಾತ, ಈಗ ಮಟ್ಟ ನೋಡ್ಬೇಕು."

ನಮ್ಮ ಕಡೆ ಅಳತೆ ನಡೆಯುವಲ್ಲಿ ಜನ ಸೇರುತ್ತಾರೆ, ಭೂಮಿ ಅಳೆದರೂ ಸೇರುತ್ತಾರೆ, ರವಿಕೆ ಅಳೆದರೂ ಸೇರುತ್ತಾರೆ. ಬದುಕನ್ನೇ ಅಳೆಯುತ್ತಾರೆಂದರೆ ಕೇಳಬೇಕೆ? ಜಗಲಿ ತುಂಬಿತು. ಸುಷ್ಮಿತಾ ಹಾಳೆ ತೆಗೆದು, ಗಂಟಲು ಸರಿಮಾಡಿಕೊಂಡು, ರೇಡಿಯೊದಲ್ಲಿ ಪ್ರದೇಶ ಸಮಾಚಾರ ಓದುವವರ ಧಾಟಿಯಲ್ಲಿ ಓದಿದಳು:

"ಮಾನ್ಯರೇ, ಈ ಕೆಳಕಂಡ ಇಪ್ಪತ್ತೊಂದು ಪ್ರಶ್ನೆಗಳಿಗೆ ತಾವು ನೀಡುವ ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಐದರವರೆಗೆ ಅಂಕಗಳಿದ್ದು, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚುವುದರಿಂದ, ಒಟ್ಟು ಅಂಕ ಕಡಿಮೆಯಿದ್ದಷ್ಟೂ ಜೀವನದ ಗುಣಮಟ್ಟ ಉತ್ತಮವೆಂದು ಪರಿಗಣಿಸತಕ್ಕದ್ದು."

"ಹೂಂ" ಎಂದಿತು ಜಗಲಿ.

ಯಾರಾದರೂ ಸರ್ಕಾರಿ ಕನ್ನಡದಲ್ಲಿ ಹಾಳೆ ಓದಿದರೆ ಹೂಂಗುಟ್ಟುವುದು ಓದಿದವರಿಗೆ ನಾವು ತೋರಿಸುವ ಮರ್ಯಾದೆ. ಗ್ರಾಮಸಭೆಯಲ್ಲೂ ಹಾಗೇ, ಸೊಸೈಟಿಯ ವಾರ್ಷಿಕ ಸಭೆಯಲ್ಲೂ ಹಾಗೇ. ಓದಿದ್ದನ್ನು ಕೇಳಿಸಿಕೊಳ್ಳುವುದು ಬೇರೆಯೇ ಕೆಲಸ, ಅದನ್ನು ಯಾರೂ ಯಾರಿಗೂ ಒಪ್ಪಿಸಿರುವುದಿಲ್ಲ. ಹೀಗಾಗಿ ಈ ಪರೀಕ್ಷೆಯಲ್ಲಿ ಕಡಿಮೆ ಬಂದವನೇ ಗಟ್ಟಿಗ ಎಂಬ ಸತ್ಯವನ್ನು ಓದುಗರೇ ನೆನಪಿಟ್ಟುಕೊಳ್ಳಬೇಕು. ಜಗಲಿಯ ಮೇಲೆ ಅದು ಒಬ್ಬರಿಗೂ ಗೊತ್ತಿಲ್ಲ.

"ಕಾಲು ಊದ್ಕೊಳ್ತಾ ತಾತ?"

"ಇಲ್ಲ."

"ಮೆಟ್ಲು ಹತ್ತೋಕೆ ಕಷ್ಟ ಆಗುತ್ತಾ?"

"ನಮ್ಮನ್ಯಾಗೆ ಮೆಟ್ಲೇ ಇಲ್ಲ. ದಿಬ್ಬ ಹತ್ತುತೀನಿ."

"ರಾತ್ರಿ ನಿದ್ದೆ?"

"ಅವ್ನು ಗೊರಕೆ ಹೊಡುದ್ರೆ ಕುರಿ ಎದ್ದು ನಿಂತ್ಕಂತವೆ," ಅಂದಳು ದೊಡ್ಡಕ್ಕ.

"ಇಷ್ಟವಾದ ಊಟ ಮಾಡೋಕೆ ಆಗ್ತಿಲ್ಲ ಅಂತ ಬೇಜಾರಿದ್ಯಾ?"

ಯತ್ತಪ್ಪನ ಕಣ್ಣಲ್ಲಿ ನೀರೇ ಬಂತು. "ಐತವ್ವ! ತುಂಬಾ ಐತೆ! ಉಪ್ಪಿನಕಾಯಿ ಜಾಡಿ ಅಟ್ಟದ ಮ್ಯಾಲೆ ಇಟ್ಟವ್ಳೆ, ಏಣಿ ಪಕ್ಕದ ಮನೆಗೆ ಕೊಟ್ಟವ್ಳೆ!"

ಅದಕ್ಕೆ ಐದು ಬಂತು. ಮಿಕ್ಕವು ಚಿಲ್ಲರೆ. ಸುಷ್ಮಿತಾ ಕೂಡಿಸಿ, "ಹದಿನೆಂಟು ತಾತ, ನೂರ ಐದಕ್ಕೆ! ಹೀಗೇ ಇರಿ," ಎಂದು ನಗುತ್ತಾ ಹೊಸದುರ್ಗದ ಬಸ್ಸು ಹಿಡಿಯಲು ಓಡಿದಳು.

ನೂರ ಐದಕ್ಕೆ ಹದಿನೆಂಟು! ಒಬ್ಬೊಬ್ಬರೇ ಎದ್ದು, ಯತ್ತಪ್ಪನ ಭುಜ ಮುಟ್ಟಿ, ಮಾತಾಡದೆ ಹೋದರು. ದೊಡ್ಡಕ್ಕ ಮಾತ್ರ ಮಾತಾಡಿದಳು.

"ಮೂರು ತಿಂಗ್ಳು ಸಪ್ಪೆ ಸಾರು ಕಾಯ್ಸಿ ಹಾಕಿದ್ಕೆ ಹದಿನೆಂಟಾ? ಪಾಸಾಗಾಕೆ ಮೂವತ್ತೈದಾರ ಬರ್ಬೇಕಿತ್ತಲ್ಲೋ!"

ಮಾರನೆಯ ದಿನದಿಂದ ಯತ್ತಪ್ಪನಿಗೆ ನಡೆಯುವುದು ಬಂದ್. ಹದಿನೆಂಟು ಅಂಕದ ಹೃದಯವನ್ನು ಹೊತ್ತು ಕುರಿಯ ಹಿಂದೆ ಹೋಗುವುದೆಂದರೇನು? ಮಂಚ ನಡುಮನೆಗೆ ಬಂತು. ನೆಂಟರು ಬ್ರೆಡ್ಡು, ಮೋಸಂಬಿ ಹಿಡಿದು ಬಂದರು. ಒಬ್ಬ ಸೋದರಳಿಯನಂತೂ ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದು, "ಅತ್ತೆ, ಮಾವ ಯಾರ್ನಾರ ನೋಡ್ಬೇಕು ಅಂತಾವ್ನಾ?" ಎಂದು ಕೇಳಿ, ಯತ್ತಪ್ಪನ ಕೈಯಲ್ಲೇ ಮೋಸಂಬಿಯ ಏಟು ತಿಂದ. ಅಷ್ಟು ಗುರಿಯಿಟ್ಟು ಎಸೆಯಬಲ್ಲ ಮನುಷ್ಯನಿಗೆ ಏನಾಗಿದೆ ಎಂದು ಯಾರೂ ಯೋಚಿಸಲಿಲ್ಲ.

ಇಷ್ಟಾದರೂ ಯತ್ತಪ್ಪ ಸಹಿಸಿಕೊಳ್ಳುತ್ತಿದ್ದನೋ ಏನೋ. ಆದರೆ ಬೀಗರ ಫೋನು ಬಂತು.

ಬೀಗ ಓಬಳೇಶಪ್ಪ ಹಾಲುರಾಮೇಶ್ವರದ ಪಕ್ಕದ ಹಳ್ಳಿಯವನು. ಯತ್ತಪ್ಪನ ಮಗಳನ್ನು ಅವನ ಮಗ ರಂಗೇಶನಿಗೆ ಕೊಟ್ಟಿದೆ. ಹೆಣ್ಣು ಕೊಟ್ಟ ದಿನದಿಂದ ಇವನು ಟಗರು ಕೊಂಡರೆ ಅವನು ಎತ್ತು ಕೊಳ್ಳುವುದು, ಇವನು ಮೀಸೆ ಬಿಟ್ಟರೆ ಅವನು ಕಲ್ಲಿಮೀಸೆ ಬಿಡುವುದು ನಡೆದೇ ಇತ್ತು. ಕೊನೆಗೆ ಇವನ ಹೃದಯ ಬಳಲಿದ ಮರುತಿಂಗಳೇ ಅವನದೂ ಬಳಲಿ, ಅದೇ ಡಾಕ್ಟರ ಹತ್ತಿರವೇ ಹೋಗಿದ್ದ. ಆದರೆ ಮಾತ್ರೆಯನ್ನು ಅವನು ನುಂಗಿದ್ದು ಚೆನ್ನಾಗಾಗುವವರೆಗೆ ಮಾತ್ರ. ಆಮೇಲೆ, "ಚೆನ್ನಾಗಿರೋನಿಗೆ ಮಾತ್ರೆ ಯಾಕೆ?" ಎಂದು ಡಬ್ಬಿ ಮುಚ್ಚಿದ್ದ.

ಬೀಗರ ಬಾಯಿಗೆ ಬೀಗವಿಲ್ಲ. "ಬೀಗ್ರೇ, ಆ ನರ್ಸಮ್ಮ ನಮ್ಮನಿಗೂ ಬಂದಿದ್ಲು. ಎಷ್ಟು ಬಂತು ನಿಮ್ಗೆ?"

"ಅದಾ... ಇನ್ನೂ ಕೂಡ್ಸಿಲ್ಲ ಅನ್ಸುತ್ತೆ. ನಿಮ್ಗೆ?"

"ಎಪ್ಪತ್ತೊಂಬತ್ತು!" ಅಂದ ಓಬಳೇಶಪ್ಪ. ಐದು ಅಕ್ಷರ ಹೇಳಲು ಎರಡು ಸಲ ಉಸಿರು ಎಳೆದುಕೊಂಡ. ಅದನ್ನು ಯತ್ತಪ್ಪ ಗತ್ತು ಎಂದುಕೊಂಡ.

ಈ ಎರಡು ಸಂಖ್ಯೆಗಳು ಎರಡು ಮನೆಗಳಲ್ಲೇ ಕೊಳೆತು ಹೋಗಬಹುದಿತ್ತು. ಆದರೆ ಓಬಳೇಶಪ್ಪನ ಮೊಮ್ಮಗಳು, ಎಂದರೆ ಯತ್ತಪ್ಪನಿಗೂ ಮೊಮ್ಮಗಳೇ ಆದ ರಂಜಿತಾಳ ಮದುವೆ ಗೊತ್ತಾಗಿತ್ತು. ಅವರ ಕುಲದಲ್ಲಿ ಒಂದು ಪದ್ಧತಿ. ಮದುವೆಯ ಬೆಳಿಗ್ಗೆ ಹೆಣ್ಣನ್ನು ಬೀರಪ್ಪನ ಗುಡಿಯಿಂದ ಚಪ್ಪರಕ್ಕೆ ಕರೆದೊಯ್ಯುವಾಗ ಹೆಣ್ಣಿನ ತಾತ ಡೊಳ್ಳು ಕಟ್ಟಿಕೊಂಡು ಮೊದಲ ಏಟು ಹಾಕಿ, ಮೆರವಣಿಗೆಯ ಮುಂದೆ ಬಾರಿಸುತ್ತಾ ನಡೆಯಬೇಕು. ತಾತ ಎಂದರೆ ತಂದೆಯ ತಂದೆಯೋ ತಾಯಿಯ ತಂದೆಯೋ ಎಂದು ಹಿರಿಯರು ಬಿಡಿಸಿ ಹೇಳಿರಲಿಲ್ಲ. ಬಿಡಿಸಿ ಹೇಳಿದ್ದರೆ ಇಬ್ಬರು ಮುದುಕರ ಹೃದಯವೂ ಎಷ್ಟೋ ಹಗುರವಾಗಿರುತ್ತಿತ್ತು.

ರಂಜಿತಾ ಹುಟ್ಟಿದ ದಿನವೇ ಇಬ್ಬರು ತಾತಂದಿರೂ ತೊಟ್ಟಿಲ ಎರಡು ಬದಿಯಲ್ಲಿ ನಿಂತು "ಇವಳ ಮದ್ವೆ ಡೊಳ್ಳು ನಂದು" ಎಂದು ಸಾರಿದ್ದರು. ಈಗ ರಂಗೇಶ್, "ಇಬ್ರಿಗೂ ಹಾರ್ಟು ಸರಿಯಿಲ್ಲ, ಇಬ್ರೂ ಬ್ಯಾಡ," ಎಂದು ಹೇಳಿ ನೋಡಿದ. ಯಾರು ಕೇಳುತ್ತಾರೆ? ಕೊನೆಗೆ ಪಂಚಾಯ್ತಿಗೆ ಬಂದದ್ದು ಮುರುಗೇಶಪ್ಪ. ಡೊಳ್ಳಿನ ಮೇಳದ ಮುಖ್ಯಸ್ಥ. ಒಮ್ಮೆ ತಾಲ್ಲೂಕು ಪಂಚಾಯ್ತಿ ಸದಸ್ಯನಾಗಿದ್ದವನು. ಸದಸ್ಯತ್ವ ಹೋದರೂ ಭಾಷಣ ಉಳಿದಿತ್ತು.

"ಆತ್ಮೀಯ ಬಂಧುಗಳೇ," ಎಂದ ಅವನು ಮೂರೇ ಜನರಿದ್ದ ಹಜಾರದಲ್ಲಿ, "ಇದು ಪ್ರಜಾಪ್ರಭುತ್ವ. ಇಲ್ಲಿ ಮೆರಿಟ್ಟು ಮುಖ್ಯ. ಯಾವ ತಾತನ ಎದೆಗೆ ಆಸ್ಪತ್ರೆಯೋರು ಹೆಚ್ಚು ಮಾರ್ಕ್ಸ್ ಕೊಟ್ಟವ್ರೋ, ಆ ಎದೆ ಮ್ಯಾಲೆ ಡೊಳ್ಳು! ಎಪ್ಪತ್ತೊಂಬತ್ತು ದೊಡ್ದೋ, ಹದಿನೆಂಟು ದೊಡ್ದೋ?"

ಈ ಪ್ರಶ್ನೆಗೆ ಉತ್ತರ ಕೊಡಲು ಯಾರಿಗೂ ಕಷ್ಟವಾಗಲಿಲ್ಲ.

ವಾರ ಕಳೆಯುವುದರೊಳಗೆ ಹೊಳಲ್ಕೆರೆಯಲ್ಲಿ ಪ್ರಿಂಟಾದ ಫ್ಲೆಕ್ಸೊಂದು ಓಬಳೇಶಪ್ಪನ ಊರ ಸರ್ಕಲ್ಲಿನಲ್ಲಿ ಎದ್ದು ನಿಂತಿತು. ಓಬಳೇಶಪ್ಪನ ಚಿತ್ರ, ಅದಕ್ಕಿಂತ ದೊಡ್ಡದಾಗಿ ಮುರುಗೇಶಪ್ಪನ ಚಿತ್ರ. ಕೆಳಗೆ: "ಹೃದಯ ಪರೀಕ್ಷೆಯಲ್ಲಿ 79 ಅಂಕ ಗಳಿಸಿ ತಾಲ್ಲೂಕಿಗೆ ಕೀರ್ತಿ ತಂದ ಶ್ರೀ ಓಬಳೇಶಪ್ಪನವರಿಗೆ ಹಾರ್ದಿಕ ಅಭಿನಂದನೆಗಳು." ಹಾರ್ದಿಕ ಎಂಬ ಪದಕ್ಕೆ ಅಷ್ಟು ಸರಿಯಾದ ಜಾಗ ಅದುವರೆಗೆ ಯಾವ ಫ್ಲೆಕ್ಸಿನಲ್ಲೂ ಸಿಕ್ಕಿರಲಿಕ್ಕಿಲ್ಲ.

ಅತ್ತ ಓಬಳೇಶಪ್ಪನ ಹೆಂಡತಿ ದುರುಗಕ್ಕನಿಗೆ ಮಾತ್ರ ಏನೋ ತಾಳೆಯಾಗುತ್ತಿರಲಿಲ್ಲ. ಗಂಡ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾನೆ. ಕಾಲು ಚಪ್ಪಲಿಗೆ ಹೋಗುತ್ತಿಲ್ಲ.

"ಯಾಕೋ ಸರಿ ಕಾಣಾಕಿಲ್ಲ, ಒಂದ್ಸಲ ದುರ್ಗಕ್ಕೆ ಹೋಗಾಣ," ಅಂದಳು.

"ಎಪ್ಪತ್ತೊಂಬತ್ತು ಬಂದೈತೆ ಕಣೇ."

"ಕಾಲು ನೋಡು, ಕುಂಬಳಕಾಯಿ ಆದಂಗಾಗೈತೆ."

"ಎಪ್ಪತ್ತೊಂಬತ್ತು ಅಂದ್ರೆ ಸುಮ್ಕೇನಾ? ಮೈ ತುಂಬ್ಕಂತೈತೆ."

ಆ ಸಂಖ್ಯೆಯ ಎದುರು ದುರುಗಕ್ಕನ ಕಣ್ಣಿಗೆ ಕಂಡದ್ದು ಯಾವುದೂ ನಿಲ್ಲಲಿಲ್ಲ.

ಯತ್ತಪ್ಪನ ಮಂಚದ ಬಳಿಗೆ ಫ್ಲೆಕ್ಸಿನ ಫೋಟೊ ವಾಟ್ಸಾಪಿನಲ್ಲಿ ಬಂತು. ನೋಡಿದ. ಮತ್ತೆ ನೋಡಿದ. ಹೊದಿಕೆ ಕಿತ್ತೆಸೆದು ಎದ್ದ.

"ಎಲ್ಲಿಗೆ?" ಅಂದಳು ದೊಡ್ಡಕ್ಕ.

"ದುರ್ಗಕ್ಕೆ. ಮರುಪರೀಕ್ಷೆ ಬರೀತೀನಿ. ಎಸ್ಸೆಸ್ಸೆಲ್ಸಿ ಹುಡುಗ್ರಿಗೆ ಐತೆ, ನಂಗ್ಯಾಕಿಲ್ಲ?"

"ಹದಿನೆಂಟು ಮಾರ್ಕ್ಸಿನಾಗೆ ದುರ್ಗಕ್ಕೆ ಹೋಗ್ತಾನಂತೆ! ದಾರ್ಯಾಗೆ ಏನಾರ ಆದ್ರೆ?"

"ಏನಾರ ಆದ್ರೂ ಆಗ್ಲಿ, ಡೊಳ್ಳು ಮಾತ್ರ ಅವ್ನಿಗೆ ಆಗಬಾರ್ದು."

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹಿರಿಯೂರಿನಿಂದ ದುರ್ಗದವರೆಗೆ ನಿಂತೇ ಬಂದ. ಆಸ್ಪತ್ರೆಯಲ್ಲಿ ಲಿಫ್ಟು ಕೆಟ್ಟಿತ್ತು. ಮೂರನೆಯ ಮಹಡಿಗೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ತನ್ನ ಹೃದಯ ಎಷ್ಟು ಕಳಪೆಯಾಗಿದೆ ಎಂದು ವ್ಯಥೆಪಡುತ್ತಾ ಸುಷ್ಮಿತಾಳ ಕೋಣೆಯ ಮುಂದೆ ಸಾಲಿನಲ್ಲಿ ನಿಂತ. ಒಳಗಿನ ಮಾತು ಹೊರಗೆ ಕೇಳುತ್ತಿತ್ತು. ಯಾರೋ ಅಜ್ಜಿ "ತುಂಬಾ ಆಯಾಸ ಕಣವ್ವ" ಎಂದಿತು. "ತುಂಬಾ ಅಂದ್ರೆ ಐದು" ಎಂದು ಸುಷ್ಮಿತಾ ಗುರುತು ಹಾಕಿಕೊಂಡಳು. ಯತ್ತಪ್ಪನಿಗೆ ಜ್ಞಾನೋದಯವಾಯಿತು. ಮೊದಲ ಸಲ ತಾನು ಬರೀ "ಇಲ್ಲ, ಇಲ್ಲ" ಎಂದು ಅಂಕಗಳನ್ನೆಲ್ಲ ಕೈಯಾರೆ ಚೆಲ್ಲಿದ್ದ!

"ತಾತ! ನೀವ್ಯಾಕೆ ಬಂದ್ರಿ? ಏನಾಯ್ತು?"

"ಅವತ್ತು ಹೇಳಿದ್ದು ಎಲ್ಲಾ ತಪ್ಪವ್ವ. ಇನ್ನೊಂದು ಕಿತ ಕೇಳು."

ಸುಷ್ಮಿತಾ ಗಾಬರಿಯಿಂದ ಹೊಸ ಹಾಳೆ ತೆಗೆದಳು. "ಕಾಲು ಊದ್ಕೊಳ್ತಾ?"

"ತುಂಬಾ!"

"ನಡೆಯೋಕೆ ಕಷ್ಟನಾ?"

"ತುಂಬಾ!"

"ನಿದ್ದೆ?"

"ತುಂಬಾ!"

"ತುಂಬಾ ಬರುತ್ತೋ, ತುಂಬಾ ಕಷ್ಟನೋ?"

"ಯಾವ್ದುಕ್ಕೆ ಐದೋ ಅದು."

"ಮರೆವು? ಚಿಂತೆ? ಮನೆಯವ್ರಿಗೆ ಭಾರ ಆಗಿದೀನಿ ಅನ್ಸುತ್ತಾ?"

"ಮೂರ್ಕೂ ತುಂಬಾ. ಭಾರ ಅಂತೂ ಭಾಳ ತುಂಬಾ. ಅದಕ್ಕೆ ಆರು ಕೊಡಾಕೆ ಬರುತ್ತಾ?"

ಇಪ್ಪತ್ತೊಂದು ಪ್ರಶ್ನೆಗೆ ಇಪ್ಪತ್ತೊಂದು ತುಂಬಾ. ಸುಷ್ಮಿತಾ ಕೂಡಿಸಿದಳು. "ನೂರ ಐದು," ಎಂದು ಪಿಸುಗುಟ್ಟಿ, ಮರುಕ್ಷಣ "ಸ್ಟ್ರೆಚರ್!" ಎಂದು ಕಿರುಚಿದಳು.

ಮುಂದಿನದೆಲ್ಲ ಯತ್ತಪ್ಪನ ಪಾಲಿಗೆ ಸನ್ಮಾನ ಸಮಾರಂಭವೇ. ಇಬ್ಬರು ಬಂದು ಎತ್ತಿ ಗಾಲಿಮಂಚದ ಮೇಲೆ ಮಲಗಿಸಿದರು. ಶಾಲಿನ ಬದಲು ಬೆನ್ನ ಹಿಂದೆ ಲಾಡಿ ಕಟ್ಟುವ ಹಸಿರು ಅಂಗಿ ತೊಡಿಸಿದರು. ಹಾರದ ಬದಲು ಎದೆ ತುಂಬ ವೈರು ಅಂಟಿಸಿದರು. ಓಬಳೇಶಪ್ಪನಿಗೆ ಎಪ್ಪತ್ತೊಂಬತ್ತಕ್ಕೆ ಬರೀ ಫ್ಲೆಕ್ಸು. ತನಗೆ ನೂರ ಐದಕ್ಕೆ ಎಷ್ಟು ಜನ, ಎಷ್ಟು ಓಡಾಟ! ಯತ್ತಪ್ಪ ಮಲಗಿದ್ದಲ್ಲಿಂದಲೇ ಎಲ್ಲರಿಗೂ ಕೈ ಮುಗಿದ.

ಡಾಕ್ಟರ್ ರಘುನಾಥ್ ಓಡಿ ಬಂದರು. ಕಾಲು ಒತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಸ್ಕ್ಯಾನು ನೋಡಿದರು. ಮತ್ತೊಮ್ಮೆ ನೋಡಿದರು.

"ಯತ್ತಪ್ಪನೋರೇ, ನಿಮ್ಮ ಹೃದಯ ಮೂರು ತಿಂಗಳ ಹಿಂದಿಗಿಂತ ಎಷ್ಟೋ ಚೆನ್ನಾಗಿದೆ. ಮತ್ತೆ ನೂರ ಐದು ಹೆಂಗೆ ಬಂತು?"

"ಕಷ್ಟಪಟ್ಟು ತೆಗ್ದೆ ಸಾರ್."

"ತೆಗೆದ್ರಾ? ಯಾಕೆ?"

ಯತ್ತಪ್ಪ ಡೊಳ್ಳು, ಬೀಗ, ಫ್ಲೆಕ್ಸು ಎಲ್ಲವನ್ನೂ ಹೇಳಿದ. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಹಾಳೆ ತೆಗೆಯಲಿಲ್ಲ. ಯತ್ತಪ್ಪನ ಮುಖ ನೋಡಿ ಹೇಳಿದರು: "ಇದು ಕಷ್ಟದ ಲೆಕ್ಕ ಯತ್ತಪ್ಪ. ಎಷ್ಟು ಕಷ್ಟವೋ ಅಷ್ಟು ಅಂಕ. ಕಡಿಮೆ ಬಂದೋನು ಗೆದ್ದ. ನೀನು ಗೆದ್ದಿದ್ದೆ ಮಾರಾಯಾ."

ಯತ್ತಪ್ಪ ಎದ್ದು ಕೂತ. ಒಂದು ವೈರು ಕಿತ್ತು ಬಂತು.

"ಹಂಗಾದ್ರೆ ಹದಿನೆಂಟು..."

"ಬಹಳ ಒಳ್ಳೇದು."

"ಹಂಗಾದ್ರೆ ನಾನೇ ಫಸ್ಟು! ಲೇ ಓಬಳೇಶ, ನಾನೇ ಫಸ್ಟು ಕಣಲೇ!" ಗಾಲಿಮಂಚದ ಮೇಲೆಯೇ ಎರಡು ಹೆಜ್ಜೆ ಕುಣಿದ, ಮಂಚ ಗೋಡೆಗೆ ಹೋಗಿ ಡಿಕ್ಕಿ ಹೊಡೆಯಿತು. ಕುಣಿತ ಅಲ್ಲಿಗೇ ನಿಂತಿತು. ಮುಖ ನಿಧಾನಕ್ಕೆ ಇಳಿಯಿತು.

"ಸಾರ್... ಹಂಗಾದ್ರೆ ಎಪ್ಪತ್ತೊಂಬತ್ತು?"

ಡಾಕ್ಟರು ಸುಷ್ಮಿತಾಳ ಮುಖ ನೋಡಿದರು. ಸುಷ್ಮಿತಾ ಅಳುವಂತಾದಳು. "ಮೂರು ಸಲ ಫೋನ್ ಮಾಡಿದೀನಿ ಸರ್. 'ನಿಮಗೆ ಎಪ್ಪತ್ತೊಂಬತ್ತು ಬಂದಿದೆ, ತಕ್ಷಣ ಬನ್ನಿ' ಅಂದ್ರೆ, 'ಸನ್ಮಾನಕ್ಕಾ? ನಮ್ಮೂರಲ್ಲೇ ಇಟ್ಕಂಡೀವಿ, ನೀವೇ ಬರ್ರಿ, ಊಟ ಐತೆ' ಅಂತಾರೆ! ಇವತ್ತೇ ಅಂತೆ."

"ಇವತ್ತೇ ಕಣವ್ವ," ಅಂದ ಯತ್ತಪ್ಪ. "ಇವತ್ತು ಅವನ ಎದೆಗೆ ಡೊಳ್ಳು ಕಟ್ತಾರೆ. ಮದ್ವಿಗೆ ಮುಂಚೆ ಕೈ ಪಳಗ್ಲಿ ಅಂತ ಊರೆಲ್ಲಾ ಬಾರಿಸ್ಕಂತಾ ತಿರುಗ್ತಾನೆ."

"ಆ ಸ್ಥಿತೀಲಿ ಡೊಳ್ಳು ಹೊತ್ತು ತಿರುಗಿದ್ರೆ ಮನುಷ್ಯ ಉಳಿಯಲ್ಲ," ಎಂದರು ಡಾಕ್ಟರು.

ಯತ್ತಪ್ಪ ಮಂಚದಿಂದ ಕೆಳಗೆ ಹಾರಿದ. "ಗಾಡಿ ತೆಗೀರಿ ಸಾರ್!"

ಆಸ್ಪತ್ರೆಯ ಆಂಬುಲೆನ್ಸು ಹೊಳಲ್ಕೆರೆ ದಾಟಿ ಹೊಸದುರ್ಗದ ರಸ್ತೆ ಹಿಡಿಯಿತು. ಹಿಂದೆ ಆಕ್ಸಿಜನ್ ಸಿಲಿಂಡರಿನ ಪಕ್ಕ ಸುಷ್ಮಿತಾ. ಮುಂದೆ ಡ್ರೈವರಿನ ಪಕ್ಕ ಹಸಿರು ಅಂಗಿಯ ಯತ್ತಪ್ಪ, ಎದುರು ಬಂದ ಎಲ್ಲ ಲಾರಿಗಳಿಗೂ ತಾನೇ ಸೈರನ್ನು ಎಂಬಂತೆ ಕೂಗುತ್ತಾ.

ಊರ ಸರ್ಕಲ್ಲಿನಲ್ಲಿ ಶಾಮಿಯಾನ. ನಡುವೆ ಕುರ್ಚಿಯಲ್ಲಿ ಓಬಳೇಶಪ್ಪ, ಕುತ್ತಿಗೆಯಲ್ಲಿ ಮೂರು ಹಾರ, ಬರಿಗಾಲು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ತೊಡೆಯ ಮೇಲೆ ಡೊಳ್ಳು. ಪಟ್ಟಿ ಹೆಗಲಿಗೆ ಏರಿಸುವುದಷ್ಟೇ ಬಾಕಿ. ಮೈಕಿನಲ್ಲಿ ಮುರುಗೇಶಪ್ಪ: "ಈ ಎದೆ ಅಂದ್ರೆ ಸಾಮಾನ್ಯ ಎದೆ ಅಲ್ಲ ಬಂಧುಗಳೇ! ಈ ಎದೆಯಲ್ಲಿ ಏನೈತೆ? ಏನೈತೆ ಅಂತ ಕೇಳ್ತೀನಿ!"

ನೀರೈತೆ ಎಂದು ಹೇಳಬಲ್ಲವಳು ಆಗಷ್ಟೇ ಗಾಡಿಯಿಂದ ಇಳಿಯುತ್ತಿದ್ದಳು.

"ಬೀಗ್ರೇ! ಡೊಳ್ಳು ಕೆಳಗಿಡ್ರಿ!" ಎಂದು ಯತ್ತಪ್ಪ ನುಗ್ಗಿದ. ಬೆನ್ನಿನ ಲಾಡಿ ಬಿಚ್ಚಿಕೊಂಡು ಹಸಿರು ಅಂಗಿ ಹಾರಾಡುತ್ತಿತ್ತು.

"ಅಯ್ಯೋ, ಹದಿನೆಂಟಿನೋರು ಬಂದ್ರು," ಎಂದು ಗುಂಪಿನಲ್ಲಿ ಯಾರೋ ಮರುಗಿದರು. "ಪಾಪ, ಆಂಬುಲೆನ್ಸ್‌ನಾಗೇ ತಂದವ್ರೆ."

"ಕೇಳ್ರಪ್ಪಾ! ಆ ಮಾರ್ಕ್ಸು ಉಲ್ಟಾ! ಕಮ್ಮಿ ಬಂದೋನೇ ಗಟ್ಟಿ! ಬೀಗ್ರಿಗೆ ಹುಷಾರಿಲ್ಲ!"

ಇಡೀ ಶಾಮಿಯಾನ ನಕ್ಕಿತು.

"ಹದಿನೆಂಟು ತಗಂಡೋನು ಇನ್ನೇನು ಹೇಳ್ತಾನೆ?" ಅಂದ ಮುರುಗೇಶಪ್ಪ ಮೈಕಿನಲ್ಲೇ. "ಎಲೆಕ್ಷನ್‌ನಾಗೆ ಸೋತಾಗ ನಾನೂ ಹಿಂಗೇ ಹೇಳಿದ್ದೆ!"

"ಅವ್ವಾ, ನೀನಾರ ಹೇಳು!"

ಸುಷ್ಮಿತಾ ಮೈಕು ಹಿಡಿದಳು. ಗಾಬರಿಯಲ್ಲಿ ಅವಳಿಗೆ ನೆನಪಾದದ್ದು ಹಾಳೆಯೊಂದೇ. "ಮಾನ್ಯರೇ, ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚುವುದರಿಂದ, ಒಟ್ಟು ಅಂಕ ಕಡಿಮೆಯಿದ್ದಷ್ಟೂ..."

"ಹೂಂ" ಎಂದಿತು ಶಾಮಿಯಾನ. ಓದು ಮುಗಿದೊಡನೆ ಚಪ್ಪಾಳೆ ತಟ್ಟಿತು. ಮುರುಗೇಶಪ್ಪ ಅವಳಿಗೂ ಒಂದು ಹಾರ ಹಾಕಿದ.

ಓಬಳೇಶಪ್ಪ ಕುರ್ಚಿಯ ಕೈ ಹಿಡಿದು ಏಳಲು ನೋಡಿದ. "ಬೀಗ್ರೇ... ಹೊಟ್ಟೆಕಿಚ್ಚು... ಬ್ಯಾಡ..." ಒಂದೊಂದು ಪದಕ್ಕೂ ಒಂದೊಂದು ಉಸಿರು. "ಮೊಮ್ಮಗಳ ಡೊಳ್ಳು... ನಾನು ಬಿಡಾಕಿಲ್ಲ." ಪಟ್ಟಿ ಹೆಗಲಿಗೆ ಬಂತು.

ಯತ್ತಪ್ಪನಿಗೆ ಅರ್ಥವಾಯಿತು. ಸತ್ಯ ಹೇಳಿದರೆ ಈ ಮನುಷ್ಯ ಏಳುತ್ತಾನೆ, ಎದ್ದರೆ ಬೀಳುತ್ತಾನೆ. ಇವನನ್ನು ಕೂರಿಸಲು ಜಗತ್ತಿನಲ್ಲಿ ಒಂದೇ ದಾರಿ, ಇವನಿಗಿಂತ ಹೆಚ್ಚು ಅಂಕ.

"ಹಂಗಾ!" ಎಂದು ಗರ್ಜಿಸಿ ಮೈಕು ಕಿತ್ತುಕೊಂಡ. "ಮುರುಗೇಶಪ್ಪ, ನಿನ್ನ ಮಾತಿಗೆ ಬದ್ಧನೇನಪ್ಪ? ಹೆಚ್ಚು ಮಾರ್ಕ್ಸು ಬಂದೋನಿಗೇ ಡೊಳ್ಳು?"

"ಬದ್ಧ! ಪ್ರಜಾಪ್ರಭುತ್ವ!"

"ಸುಷ್ಮಿತವ್ವ, ಇವತ್ತು ಬೆಳಿಗ್ಗೆ ನಂಗೆ ಮರುಪರೀಕ್ಷೆ ಮಾಡ್ದ್ಯಲ್ಲ, ಎಷ್ಟು ಬಂತು? ಹಾಳೆ ಓದಬ್ಯಾಡ. ಎಷ್ಟು ಅಂತ ಅಷ್ಟೇ ಹೇಳು."

ಸುಷ್ಮಿತಾ ಸುಳ್ಳು ಹೇಳುವ ಹುಡುಗಿಯಲ್ಲ. "ನೂರ ಐದು."

"ಎಷ್ಟಕ್ಕೆ?"

"ನೂರ ಐದಕ್ಕೆ."

ಗಾಳಿಗೆ ಅಲ್ಲಾಡುತ್ತಿದ್ದ ಫ್ಲೆಕ್ಸು ಕೂಡ ನಿಂತಂತಾಯಿತು. ಎಲ್ಲರಿಗಿಂತ ಮೊದಲು ಎಚ್ಚೆತ್ತವನು ಮುರುಗೇಶಪ್ಪ. ಓಬಳೇಶಪ್ಪನ ಕುತ್ತಿಗೆಯಿಂದ ಒಂದು ಹಾರ ತೆಗೆದು ಯತ್ತಪ್ಪನಿಗೆ ಹಾಕಿ, "ಇದು ಎದೆ! ಇದು ಎದೆ ಅಂದ್ರೆ!" ಎಂದು ಭಾಷಣವನ್ನು ಮೊದಲಿನಿಂದ ಶುರುಮಾಡಿದ. ಮೇಳದವರು ಬಂದು ಓಬಳೇಶಪ್ಪನ ಹೆಗಲಿಂದ ಪಟ್ಟಿ ಇಳಿಸಿದರು.

ಓಬಳೇಶಪ್ಪ ದೊಪ್ಪನೆ ಕೂತ. "ಹದಿನೆಂಟರಿಂದ... ನೂರೈದು... ಇಷ್ಟು ದಿನದಾಗೆ? ಎಲ್ಲಿ... ಟ್ಯೂಷನ್ನು?"

"ದುರ್ಗದಾಗೆ. ಡಾಕ್ಟರ್ ರಘುನಾಥ್. ನಿಮ್ ಕೈಲಿ ಆಗಾಕಿಲ್ಲ ಬಿಡ್ರಿ."

"ಯಾಕಾಗಲ್ಲ?"

"ಮಾತ್ರೆ ತಪ್ಪಿಸ್ದಂಗೆ ನುಂಗ್ಬೇಕು. ಉಪ್ಪು ಬಿಡ್ಬೇಕು. ಅವ್ರು ಮಲ್ಗು ಅಂದ್ರೆ ಮಲಗ್ಬೇಕು. ಅದೆಲ್ಲಾ ಗಂಡಸ್ರ ಕೆಲ್ಸ."

"ತೆಗೀರಿ ಗಾಡಿ!" ಅಂದ ಓಬಳೇಶಪ್ಪ. "ನಾನೂ ಕೊಡ್ತೀನಿ ಮರುಪರೀಕ್ಷೆ! ಮದ್ವಿಗೆ ಇನ್ನೂ ಹದಿನೈದು ದಿನ ಐತೆ!"

ಇಬ್ಬರು ಹಿಡಿದು ಆಂಬುಲೆನ್ಸಿಗೆ ಹತ್ತಿಸಿದರು. ಸುಷ್ಮಿತಾ ಮೂಗಿಗೆ ಆಕ್ಸಿಜನ್ ಇಟ್ಟಾಗ, "ಇದ್ಯಾಕೆ?" ಎಂದು ಗುರಾಯಿಸಿದ.

"ಪರೀಕ್ಷೆಗೆ ಮುಂಚೆ ನಂಗೂ ಇಟ್ಟಿದ್ರು," ಎಂದ ಯತ್ತಪ್ಪ. ಆ ದಿನ ಅದು ಅವನ ಎಷ್ಟನೆಯ ಸುಳ್ಳೋ. ಇಷ್ಟು ಸಲೀಸಾಗಿ ಬಂದದ್ದು ಅದೊಂದೇ.

ದುರುಗಕ್ಕ ಆಗಲೇ ಗಾಡಿಯೊಳಗೆ ಬಟ್ಟೆಯ ಗಂಟು ಹಿಡಿದು ಕೂತಿದ್ದಳು. ಯಾವಾಗ ಕಟ್ಟಿದಳೋ, ಯಾವಾಗ ಹತ್ತಿದಳೋ. "ಅಣ್ಣಾ, ನಿಜ ಏನು?" ಎಂದು ಮೆಲ್ಲಗೆ ಕೇಳಿದಳು.

"ನಿಜ ದಾರ್ಯಾಗೆ ಆ ಹುಡುಗಿ ಹೇಳ್ತಾಳೆ ತಂಗಿ. ಇವ್ರಿಗೆ ಮಾತ್ರ ದುರ್ಗ ಮುಟ್ಟೋವರ್ಗೂ ಹೇಳಬ್ಯಾಡ್ರಿ."

ಗಾಡಿ ಹೊರಟಿತು. ಶಾಮಿಯಾನದಲ್ಲಿ ಡೊಳ್ಳು ಹಿಡಿದು ಉಳಿದ ನೂರ ಐದು ಅಂಕದ ಯತ್ತಪ್ಪ ಇದ್ದಕ್ಕಿದ್ದಂತೆ ನೆಲಕ್ಕೆ ಕುಸಿದು ಕೂತ. "ಏನಾಯ್ತು ಮಾವ?" ಎಂದು ರಂಗೇಶ್ ಓಡಿ ಬಂದ. "ಏನಿಲ್ಲಪ್ಪ," ಎಂದು ಯತ್ತಪ್ಪ ಹಾರದಲ್ಲೇ ಕಣ್ಣೊರೆಸಿಕೊಂಡ. "ನಿಮ್ಮಪ್ಪ ಇವತ್ತು ಭಾಳ ದೊಡ್ಡ ಪರೀಕ್ಷೆಗೆ ಕುಂತವ್ನೆ."

ಓಬಳೇಶಪ್ಪ ಆಸ್ಪತ್ರೆಯಲ್ಲಿ ಎರಡು ವಾರವಿದ್ದ. ಮೊದಲ ಎರಡು ದಿನ ಡಾಕ್ಟರು ಏನನ್ನೂ ಖಚಿತವಾಗಿ ಹೇಳಲಿಲ್ಲ. ಮೂರನೆಯ ದಿನ ಮೈಯ ನೀರು ಇಳಿಯತೊಡಗಿತು. ಚಪ್ಪಲಿ ಕಾಲಿಗೆ ಹೋಗುವಂತಾದ ದಿನ ಸುಷ್ಮಿತಾ ಹಾಸಿಗೆಯ ಪಕ್ಕ ಕೂತು, ಹಾಳೆಯಿಲ್ಲದೆ, ತನ್ನ ಮನೆಯ ಮಾತಿನಲ್ಲಿ ಅಂಕಗಳ ಲೆಕ್ಕವನ್ನು ಬಿಡಿಸಿ ಹೇಳಿದಳು. ಓಬಳೇಶಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಗೋಡೆಗೇ ಹೇಳಿದ: "ಹಂಗಾದ್ರೆ ಆ ನನ್ಮಗ ಹದಿನೆಂಟೇ."

ಮದುವೆಯ ಬೆಳಿಗ್ಗೆ ಬೀರಪ್ಪನ ಗುಡಿಯ ಮುಂದೆ ಜನ ಸೇರಿತು. ಓಬಳೇಶಪ್ಪ ತನ್ನ ಕಾಲ ಮೇಲೆ ನಡೆದೇ ಬಂದ, ನಿಧಾನವಾಗಿ, ದುರುಗಕ್ಕನ ಭುಜದ ಮೇಲೆ ಕೈಯಿಟ್ಟು. ಭಾರ ಹೊರಬಾರದು, ದೂರ ನಡೆಯಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಮುರುಗೇಶಪ್ಪ ಮೈಕಿನಲ್ಲಿ ದುಃಖದ ಧ್ವನಿ ತೆಗೆದು, "ನಮ್ಮ ಓಬಳೇಶಪ್ಪನೋರಿಗೆ ಎಪ್ಪತ್ತೊಂಬತ್ತು ಹೋಗಿ ನಲವತ್ತಕ್ಕೆ ಇಳಿದೈತೆ. ಯಾರೂ ಎದೆಗುಂದಬಾರ್ದು," ಎಂದ. ಜನ ಲೊಚಗುಟ್ಟಿದರು. ಓಬಳೇಶಪ್ಪ ತಲೆ ತಗ್ಗಿಸಿಕೊಂಡೇ ನಕ್ಕ.

ಯತ್ತಪ್ಪ ಡೊಳ್ಳು ಕಟ್ಟಿಕೊಂಡು ನಿಂತಿದ್ದ. ಇಪ್ಪತ್ತೆರಡು ವರ್ಷ ಕಾದ ಡೊಳ್ಳು. ರಂಜಿತಾ ಬಾಸಿಂಗ ಕಟ್ಟಿಕೊಂಡು ಗುಡಿಯ ಹೊಸಿಲು ದಾಟಿದಳು. ಕೋಲು ಎತ್ತಿದ.

ಎತ್ತಿದ ಕೋಲು ಹಾಗೇ ನಿಂತಿತು. ಯತ್ತಪ್ಪ ಓಬಳೇಶಪ್ಪನ ಕಡೆ ತಿರುಗಿ, ಡೊಳ್ಳಿನ ಮುಖವನ್ನು ಅವನಿಗೆ ಹಿಡಿದು, ಕೋಲು ಚಾಚಿದ. "ಭಾರ ನಂದು. ಏಟು ನಿಮ್ದು. ಒಂದೇ ಏಟು, ಡಾಕ್ಟರ್ನ ಕೇಳೀನಿ."

ಓಬಳೇಶಪ್ಪ ಕೋಲು ಇಸಿದುಕೊಂಡ. ಹತ್ತಿರ ಬಂದು, ಯಾರಿಗೂ ಕೇಳದಂತೆ, "ನೂರೈದಂತೆ, ನೂರೈದು," ಎಂದು ಹಲ್ಲು ಕಚ್ಚಿದ. ಆಮೇಲೆ ಹೊಡೆದ. ಗುಡಿಯ ಮೇಲಿನ ಪಾರಿವಾಳಗಳೆಲ್ಲ ಎದ್ದವು.

"ಸಾಕು, ಕೊಡ್ರಿ ಬೀಗ್ರೇ."

"ತಡೀರಿ, ಅದು ಸರಿಯಾಗಿ ಬೀಳ್ಲಿಲ್ಲ. ನೀವು ಅಲ್ಲಾಡಿಬಿಟ್ರಿ."

"ನಾನ್ಯಾಕೆ ಅಲ್ಲಾಡ್ಲಿ? ನಿಮ್ ಕೈಯೇ ವಾರೆ!"

"ಡೊಳ್ಳು ಹಿಡಿಯಾದು ಹಿಂಗಾ? ಕುರಿಮರಿ ಎತ್ಕಂಡಂಗೆ ಎತ್ಕಂಡೀರಲ್ಲ!"

"ಆ ಕೋಲು ಕೊಡ್ರಿ ಇಲ್ಲಿ!"

"ಕೊಡಾಕಿಲ್ಲ!"

ಮೇಳದವರು ಕೋಲು ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತರು. ವಾಲಗದವರು ಕಾಫಿಗೆ ಹೋದರು. ದೊಡ್ಡಕ್ಕನೂ ದುರುಗಕ್ಕನೂ ಗುಡಿಯ ಕಟ್ಟೆಯ ಮೇಲೆ ಎಲೆಅಡಿಕೆ ಬಿಚ್ಚಿಕೊಂಡರು. ಬಾಸಿಂಗದ ಕೆಳಗಿನಿಂದ ರಂಜಿತಾ, "ತಾತಾ, ಮುಹೂರ್ತ ಹೋಗ್ತೈತೆ!" ಎಂದು ಕೂಗಿದಳು.

"ಸುಮ್ನಿರೇ," ಎಂದರು ಇಬ್ಬರೂ ಒಟ್ಟಿಗೆ. ಕೋಲು ಇನ್ನೂ ಇಬ್ಬರ ಕೈಯಲ್ಲೂ ಇತ್ತು.